ಕಾಫಿ ಬಿಟ್ಟದ್ದಾ, ಗುಳಿಗೆ ತಿಂದದ್ದಾ? ಮೂತ್ರದ ಅವಸರದ ಒಂದು ಪ್ರಕರಣ

ಸುಮತಿಯಕ್ಕನಿಗೆ ಕಟಪಾಡಿಯಿಂದ ಮಂಗಳೂರಿನವರೆಗಿನ ಶೌಚಾಲಯಗಳೆಲ್ಲ ಬಾಯಿಪಾಠ. ಪಡುಬಿದ್ರಿಯಲ್ಲಿ ಪೆಟ್ರೋಲ್ ಬಂಕಿನ ಹಿಂದೆ ಒಂದು, ಮುಲ್ಕಿಯಲ್ಲಿ ಹೋಟೆಲಿನ ಒಳಗೆ ಒಂದು, ಸುರತ್ಕಲ್‌ನಲ್ಲಿ ಪರಿಚಯದವರ ಫ್ಯಾನ್ಸಿ ಅಂಗಡಿಯದ್ದು ಒಂದು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂಕಾಲು ಗಂಟೆಯ ದಾರಿ. ಆದರೆ ನನ್ನ ಬಳಿ ಬರುವ ಹೊತ್ತಿಗೆ ಅವರು ಎಕ್ಸ್‌ಪ್ರೆಸ್ ಹತ್ತುವುದನ್ನೇ ಬಿಟ್ಟಿದ್ದರು. ಬೇಕಾದಲ್ಲಿ ಇಳಿಯಬಹುದು ಅಂತ ಸರ್ವಿಸ್ ಬಸ್ಸಿನಲ್ಲಿ, ಎರಡು ಕಂತಿನಲ್ಲಿ ಬರುತ್ತಿದ್ದರು. ಅದಕ್ಕಾಗಿ ಬೆಳಿಗ್ಗೆ ಒಂದು ಗಂಟೆ ಬೇಗ ಮನೆ ಬಿಡಬೇಕಿತ್ತು.

ಇದು ಅವರ ನಿಜವಾದ ಹೆಸರಲ್ಲ. ಊರು ಮತ್ತು ಕೆಲಸದ ವಿವರವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಹೆರಿಗೆಯ ನಂತರ, ಮುಟ್ಟು ನಿಂತ ನಂತರ ಮೂತ್ರ ಹಿಡಿದಿಟ್ಟುಕೊಳ್ಳಲು ಕಷ್ಟಪಡುವ ಹೆಂಗಸರ ಜೊತೆ ಕೆಲಸ ಮಾಡುತ್ತೇನೆ. ಈ ಪ್ರಕರಣ ಬರೆಯಲು ಒಂದು ಕಾರಣ ಉಂಟು. ಇದರಲ್ಲಿ ಹೋಮಿಯೋಪತಿ ಇದೆ, ಅಲೋಪತಿ ಇದೆ, ಅಡುಗೆಮನೆಯೂ ಇದೆ. ಯಾವುದರಿಂದ ಏನಾಯಿತು ಅಂತ ಬಿಡಿಸಿ ನೋಡುವುದು ಎಷ್ಟು ಕಷ್ಟ ಅನ್ನುವುದನ್ನು ನನಗೆ ಸರಿಯಾಗಿ ಕಲಿಸಿದ್ದು ಇವರೇ.

ಹಿನ್ನೆಲೆ

ವಯಸ್ಸು 53. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತರ ಕೆಲಸ. ಎರಡು ಸಹಜ ಹೆರಿಗೆ. ಮುಟ್ಟು ನಿಂತು ಮೂರು ವರ್ಷ. ಬಿಪಿಗೆ ದಿನಕ್ಕೊಂದು ಮಾತ್ರೆ. ಸಕ್ಕರೆ ಕಾಯಿಲೆ ಇಲ್ಲ. ತೂಕ ಸ್ವಲ್ಪ ಜಾಸ್ತಿ, ಅಷ್ಟೆ.

ತೊಂದರೆ ಶುರುವಾಗಿ ಮೂರು ವರ್ಷವಾಗಿತ್ತು. ಒಂದಕ್ಕೆ ಹೋಗಬೇಕು ಅನ್ನಿಸಿದರೆ ಆ ಕ್ಷಣವೇ ಹೋಗಬೇಕು. ತಡೆದರೆ ಸೋರುತ್ತದೆ. ಇಡೀ ದಿನದಲ್ಲಿ ಅತಿ ಕೆಟ್ಟ ಗಳಿಗೆ ಸಂಜೆ ಮನೆ ಬಾಗಿಲ ಮುಂದಿನದು. ಅದನ್ನು ಅವರು ನನಗೆ ಎದ್ದು ನಿಂತು ಮಾಡಿ ತೋರಿಸಿದರು. ಗೇಟು ದಾಟುವವರೆಗೆ ಏನೂ ಇಲ್ಲ. ಚಿಟ್ಟೆ (ಮನೆ ಮುಂದಿನ ಜಗಲಿ) ಹತ್ತಿ, ಚೀಲದ ತಳದಲ್ಲಿ ಬೀಗದ ಕೈ ಹುಡುಕಲು ಶುರು ಮಾಡಿದರೆ ಸಾಕು, ಹೊಟ್ಟೆಯ ಕೆಳಗೆ ಹಿಂಡಿದ ಹಾಗೆ. ಬೀಗದ ಕೈ ತೂತಿಗೆ ಸೇರುವಷ್ಟರಲ್ಲಿ ಒಳಲಂಗ ಒದ್ದೆ.

“ಬಾಗಿಲು ತೆಗಿಲಿಕ್ಕೆ ಎರಡು ನಿಮಿಷ ಸಹ ಬೇಡ ಮೇಡಂ. ಅಷ್ಟೂ ತಡಿಲಿಕ್ಕೆ ಆಗುದಿಲ್ಲ ಅಂದ್ರೆ ಎಂತ ಹೇಳುದು?”

ಇದು ಅವರೊಬ್ಬರದ್ದೇ ಅಲ್ಲ. ಬೀಗದ ಕೈ, ನಲ್ಲಿ ನೀರಿನ ಸದ್ದು, ತಣ್ಣೀರಿನಲ್ಲಿ ಕೈ ಇಡುವುದು, ಈ ಮೂರನ್ನು ನನ್ನ ಬಳಿ ಬರುವವರಲ್ಲಿ ಎಷ್ಟೋ ಮಂದಿ ಹೇಳುತ್ತಾರೆ. ವರ್ಷಗಟ್ಟಲೆ ಮನೆ ತಲುಪಿದ ಕೂಡಲೇ ಬಚ್ಚಲಿಗೆ ಓಡಿದ ಮೆದುಳಿಗೆ ಬಾಗಿಲು ಕಂಡರೇ ಸನ್ನೆ ಸಿಕ್ಕಿದ ಹಾಗೆ. ಮೂತ್ರಕೋಶದ ಗೋಡೆಯಲ್ಲಿ ಒಂದು ಸ್ನಾಯು ಇದೆ. ಅದು ಮೂತ್ರದ ಚೀಲ ತುಂಬುವಾಗ ಸಡಿಲವಾಗಿ ಇರಬೇಕು, ಖಾಲಿ ಮಾಡುವಾಗ ಮಾತ್ರ ಹಿಂಡಬೇಕು. ಅದು ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಲು ಹೊರಟರೆ ಈ ಅವಸರ ಬರುತ್ತದೆ. ಸೋಂಕು ಅಥವಾ ಬೇರೆ ಸ್ಪಷ್ಟ ಕಾರಣ ಇಲ್ಲದೆ ಹೀಗಾಗುವುದಕ್ಕೆ ಓವರ್ ಆಕ್ಟಿವ್ ಬ್ಲಾಡರ್ ಅನ್ನುತ್ತಾರೆ.

ಮೊದಲ ಎರಡು ವರ್ಷ

ಮೊದಲು ಹೋದ ಕಡೆ ಇದು ಉರಿಮೂತ್ರ ಅಂತಾಯಿತು. ಉರಿ ಇರಲಿಲ್ಲ, ಜ್ವರ ಇರಲಿಲ್ಲ. ಆದರೂ ಎರಡು ವರ್ಷದಲ್ಲಿ ನಾಲ್ಕು ಸಲ ಆ್ಯಂಟಿಬಯಾಟಿಕ್. ಒಮ್ಮೆಯೂ ಮೂತ್ರದ ಕಲ್ಚರ್ ಪರೀಕ್ಷೆ ಆಗಿರಲಿಲ್ಲ. ಫೈಲು ನೋಡಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಕಲ್ಚರ್ ಮಾಡಿದರೆ ಎರಡು ಮೂರು ದಿನದಲ್ಲಿ ಸೋಂಕು ಉಂಟೋ ಇಲ್ಲವೋ ತಿಳಿಯುತ್ತದೆ. ಅಷ್ಟು ಮಾಡಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಆಮೇಲೆ ಇನ್ನೊಬ್ಬ ವೈದ್ಯರು ಸರಿಯಾಗಿಯೇ ಗುರುತಿಸಿ, ಮೂತ್ರಕೋಶದ ಸ್ನಾಯುವನ್ನು ಸಡಿಲಿಸುವ ಮಾತ್ರೆ ಕೊಟ್ಟರು. ಸೋಲಿಫೆನಾಸಿನ್ ಗುಂಪಿನದ್ದು. ಮಾತ್ರೆ ಕೆಲಸ ಮಾಡಿತು. ಆದರೆ ಬಾಯಿ ಒಣಗಿತು, ಮಲಬದ್ಧತೆ ಬಂತು. ಎರಡೂ ಈ ಗುಂಪಿನ ಮಾತ್ರೆಗಳ ಗೊತ್ತಿರುವ ಅಡ್ಡಪರಿಣಾಮಗಳೇ. ಮೊದಲೇ ಯಾರಾದರೂ ಹೇಳಿದ್ದರೆ ಸುಮತಿಯಕ್ಕ ಸಹಿಸಿಕೊಳ್ಳುತ್ತಿದ್ದರೇನೋ, ಅಥವಾ ಹೋಗಿ ಬೇರೆ ಮಾತ್ರೆ ಕೇಳುತ್ತಿದ್ದರು. ಯಾರೂ ಹೇಳಲಿಲ್ಲ. ಮೂರು ವಾರಕ್ಕೆ ತಾವೇ ನಿಲ್ಲಿಸಿದರು. ನಿಲ್ಲಿಸಿದ್ದನ್ನು ವೈದ್ಯರಿಗೆ ತಿಳಿಸಲೂ ಇಲ್ಲ.

ಈ ನಡುವೆ ಅವರು ಕಂಡುಕೊಂಡ ಸ್ವಂತ ಉಪಾಯ ನೀರು ಬಿಡುವುದು. ಬೆಳಿಗ್ಗೆ ಎದ್ದರೆ ಅರ್ಧ ಲೋಟ. ಆಮೇಲೆ ಆಫೀಸಿನಿಂದ ಮನೆ ಸೇರುವವರೆಗೆ ಬರೇ ತುಟಿ ಒದ್ದೆ ಮಾಡುವಷ್ಟು. ನಮ್ಮ ಕರಾವಳಿಯ ಸೆಕೆಯಲ್ಲಿ, ಬೆವರು ಹರಿಯುವ ಮಾರ್ಚಿಯಲ್ಲಿ ಹೀಗೆ ಇರುವುದು ಎಂಥ ಕಷ್ಟ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ನೀರು ಕಡಿಮೆಯಾದರೆ ಮೂತ್ರ ಗಾಢವಾಗುತ್ತದೆ. ಗಾಢ ಮೂತ್ರ ಚೀಲದ ಒಳಪದರವನ್ನು ಕೆಣಕಿ ಅವಸರ ಹೆಚ್ಚಿಸಬಹುದು. ನೀರು ಕಡಿಮೆಯಾದರೆ ಮಲಬದ್ಧತೆ ಬೇರೆ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಉಪಾಯವೇ ತೊಂದರೆಯನ್ನು ಸಾಕುತ್ತಿತ್ತು.

ಹೋಮಿಯೋಪತಿಯ ನಾಲ್ಕು ತಿಂಗಳು

ಮಂಗಳೂರಿನವರಿಗೆ ಹೋಮಿಯೋಪತಿ ಪರಕೀಯವಲ್ಲ. ಜರ್ಮನ್ ಪಾದ್ರಿ ಫಾದರ್ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಮದ್ದು ಕೊಡಲು ಶುರು ಮಾಡಿದ್ದರು. ಆಲದ ಮರದ ಕೆಳಗೆ ಕೂತು ಮದ್ದು ಕೊಡುತ್ತಿದ್ದರು ಅಂತ ಇಲ್ಲಿ ಹಿರಿಯರು ಹೇಳುವುದನ್ನು ನಾನೂ ಕೇಳಿದ್ದೇನೆ. ಸುಮತಿಯಕ್ಕನ ಅಜ್ಜಿಯೂ ಮಕ್ಕಳಿಗೆ ಶೀತ ಆದರೆ ಬಿಳಿ ಗುಳಿಗೆಯನ್ನೇ ಕೊಡುತ್ತಿದ್ದರಂತೆ. ಹಾಗಾಗಿ ನಾದಿನಿ ಒಬ್ಬ ಹೋಮಿಯೋಪತಿ ವೈದ್ಯೆಯ ಹೆಸರು ಹೇಳಿದಾಗ ಇವರು ಎರಡನೇ ಯೋಚನೆ ಮಾಡಲಿಲ್ಲ. ಅದು ನವೆಂಬರ್.

ಆ ವೈದ್ಯೆ ಮೊದಲ ದಿನ ಒಂದು ಗಂಟೆ ಮಾತಾಡಿದರು. ನಿದ್ದೆ, ಬೆವರು, ಕೋಪ, ಕೆಮ್ಮಿದರೆ ಸೋರುತ್ತದೋ ಅವಸರಕ್ಕೆ ಮಾತ್ರವೋ, ಎಲ್ಲ ಕೇಳಿದರು. ಕಲ್ಚರ್ ಮಾಡಿಸಿದ್ದೂ ಅವರೇ, ಸಕ್ಕರೆ ಪರೀಕ್ಷೆಗೆ ಕಳಿಸಿದ್ದೂ ಅವರೇ. ಎರಡೂ ಸರಿ ಬಂತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೂರು ವರ್ಷದಲ್ಲಿ ಈ ಹೆಂಗಸಿನ ಮಾತನ್ನು ಪೂರ್ತಿ ಕೇಳಿದ ಮೊದಲ ವೈದ್ಯರು ಅವರು.

ಕೊಟ್ಟ ಮದ್ದು ಕಾಸ್ಟಿಕಮ್ 30. ಜೊತೆಗೆ ಒಂದು ಪಥ್ಯ: ಕಾಫಿ ಮುಟ್ಟಬಾರದು. ಹಸಿ ನೀರುಳ್ಳಿ, ಕರ್ಪೂರದ ವಾಸನೆಯೂ ದೂರ ಇರಬೇಕು. ಕಾಫಿ ಮದ್ದಿನ ಗುಣವನ್ನು ಕೆಡಿಸುತ್ತದೆ ಅನ್ನುವುದು ಹೋಮಿಯೋಪತಿಯ ಹಳೆಯ ನಂಬಿಕೆ. ಈ ಪದ್ಧತಿ ಶುರು ಮಾಡಿದ ಸ್ಯಾಮುಯೆಲ್ ಹಾನಿಮನ್ ಅವರೇ ಕಾಫಿಯ ವಿರುದ್ಧ ಬರೆದಿದ್ದರು.

ಸುಮತಿಯಕ್ಕ ದಿನಕ್ಕೆ ಐದು ಲೋಟ ಕಾಫಿಯವರು. ಗಟ್ಟಿ ಡಿಕಾಕ್ಷನ್. ಮದ್ದು ಫಲ ಕೊಡಬೇಕು ಅಂತ ಒಂದೇ ದಿನದಲ್ಲಿ ಎಲ್ಲ ಬಿಟ್ಟರು. ನಾಲ್ಕು ದಿನ ತಲೆ ಸಿಡಿಯಿತು. ಎರಡು ವಾರದಲ್ಲಿ ಅವಸರ ಅರ್ಧಕ್ಕೆ ಇಳಿಯಿತು. ಡಿಸೆಂಬರಿನಲ್ಲಿ ಆಫೀಸಿನವರ ಜೊತೆ ಧರ್ಮಸ್ಥಳಕ್ಕೂ ಹೋಗಿ ಬಂದರು. ಮನೆಯವರೆಲ್ಲ ಗುಳಿಗೆಯನ್ನು ಹೊಗಳಿದ್ದೇ ಹೊಗಳಿದ್ದು.

ಜನವರಿ ಕೊನೆಗೆ ಮತ್ತೆ ಶುರುವಾಯಿತು. ವೈದ್ಯೆ ಮದ್ದು ಬದಲಿಸಿ ಸೆಪಿಯಾ ಕೊಟ್ಟರು. ನಮ್ಮ ಬೊಂಡಾಸಿನ (ಸ್ಕ್ವಿಡ್) ಬಳಗಕ್ಕೆ ಸೇರಿದ ಕಡಲಜೀವಿಯ ಶಾಯಿಯಿಂದ ಆಗುವ ಮದ್ದು, ಮುಟ್ಟು ನಿಲ್ಲುವ ವಯಸ್ಸಿನವರಿಗೆ ಹೆಚ್ಚಾಗಿ ಕೊಡುತ್ತಾರೆ. ಆರು ವಾರ ತೆಗೆದುಕೊಂಡರೂ ಬದಲಾವಣೆ ಇಲ್ಲ. ಆಗ ಆ ವೈದ್ಯೆಯೇ ಹೇಳಿದರಂತೆ, ಒಮ್ಮೆ ಫಿಸಿಯೋಥೆರಪಿಯವರನ್ನು ನೋಡಿ ಅಂತ. ಹಾಗೆ ಮಾರ್ಚ್ ನಡುವಿನಲ್ಲಿ ಸುಮತಿಯಕ್ಕ ನನ್ನ ಬಳಿ ಬಂದರು, ಚೀಲದಲ್ಲಿ ಗುಳಿಗೆಯ ಎರಡು ಸಣ್ಣ ಬಾಟ್ಲಿ ಇಟ್ಟುಕೊಂಡು.

ಮೂರು ದಿನದ ಪುಸ್ತಕ

ನಾನು ಮೊದಲ ಭೇಟಿಯಲ್ಲಿ ವ್ಯಾಯಾಮ ಹೇಳಿಕೊಡುವುದಿಲ್ಲ. ಮೂರು ದಿನ ಬರೆದು ತನ್ನಿ ಅನ್ನುತ್ತೇನೆ. ಎಷ್ಟು ಹೊತ್ತಿಗೆ ಏನು ಕುಡಿದಿರಿ, ಎಷ್ಟು ಹೊತ್ತಿಗೆ ಎಷ್ಟು ಮೂತ್ರ ಹೋಯಿತು, ಅವಸರ ಇತ್ತಾ, ಸೋರಿತಾ. ಅಳೆಯಲು ಗೆರೆ ಇರುವ ಪ್ಲಾಸ್ಟಿಕ್ ಮಗ್ಗು ಸಾಕು. ಸುಮತಿಯಕ್ಕ ಮುಖ ಸಿಂಡರಿಸಿದರು. ಆದರೂ ಲೆಕ್ಕದವರಲ್ವಾ, ಒಮ್ಮೆ ಕೂತರೆ ಪಕ್ಕಾ. ಎರಡು ದಿನ ರಜೆ ಹಾಕಿ, ಒಂದು ಆದಿತ್ಯವಾರ ಸೇರಿಸಿ, ಮೂರು ಪುಟ ಬರೆದು ತಂದರು. ಆಫೀಸಿನ ದಿನದ ಹಾಗೆಯೇ ತಿನ್ನಬೇಕು, ಕುಡಿಯಬೇಕು ಅಂತ ಹೇಳಿದ್ದೆ. ಹಾಗೆಯೇ ಮಾಡಿದ್ದರು.

ಮೊದಲ ದಿನದ ಲೆಕ್ಕ ಹೀಗಿತ್ತು. ಬೆಳಿಗ್ಗೆ ಎದ್ದ ಕೂಡಲೇ 320 ಮಿಲಿಲೀಟರ್. ಆಮೇಲೆ ಹಗಲಿಡೀ 12 ಸಲ, ಸಲಕ್ಕೆ ಸರಾಸರಿ 70. ರಾತ್ರಿ ನಿದ್ದೆಯಿಂದ ಎದ್ದದ್ದು 2 ಸಲ, ಎರಡೂ 180ರ ಆಸುಪಾಸು. ಸೋರಿದ್ದು ಒಮ್ಮೆ, ಸಂಜೆ ಹೊರಗೆ ಹೋಗಿ ಬಂದಾಗ ಬಾಗಿಲಲ್ಲಿ.

ಆ 320ರ ಸುತ್ತ ನಾನು ಪೆನ್ಸಿಲಿನಿಂದ ಗುರುತು ಹಾಕಿದೆ. ದೊಡ್ಡವರ ಮೂತ್ರಕೋಶ ಸಾಮಾನ್ಯವಾಗಿ 300ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. “ಅಕ್ಕ, ನಿದ್ದೆಯಲ್ಲಿ 320 ಹಿಡಿಯುವ ಚೀಲ ಹಗಲು 70ಕ್ಕೆ ಬೊಬ್ಬೆ ಹಾಕುವುದು ಯಾಕೆ?” ಅಂತ ಕೇಳಿದೆ. ಅವರು ಆ ಪುಟವನ್ನು ತುಂಬ ಹೊತ್ತು ನೋಡಿದರು. ತನ್ನ ಚೀಲವೇ ಕುಗ್ಗಿಹೋಗಿದೆ ಅಂತ ಮೂರು ವರ್ಷದಿಂದ ನಂಬಿದ್ದರು. ಕುಗ್ಗಿಲ್ಲ ಅನ್ನುವುದು ಅವರದ್ದೇ ಕೈಬರಹದಲ್ಲಿ ಇತ್ತು.

ಇನ್ನೊಂದು ಕಾಲಮಿನಲ್ಲಿ ಇನ್ನೊಂದು ವಿಷಯ ಕಾದಿತ್ತು. ಚಾ. ಬೆಳಿಗ್ಗೆ ಮನೆಯಲ್ಲಿ ಎರಡು, ಮತ್ತೆ ಹತ್ತೂವರೆಗೆ, ಹನ್ನೆರಡಕ್ಕೆ, ಮೂರೂವರೆಗೆ, ಸಂಜೆ ಒಂದು. ಒಟ್ಟು ಆರು ಲೋಟ, ಎಲ್ಲ ಗಟ್ಟಿ ಚಾ.

“ಇದು ಯಾವಾಗಿನಿಂದ?”

“ಕಾಫಿ ಬಿಟ್ಟ ಮೇಲೆ ಸುಮ್ನೆ ಒಂದೊಂದು ಶುರು ಆಯ್ತು. ಹೊಸ ವರ್ಷ ಕಳೆದ ಮೇಲೆ ಜಾಸ್ತಿ ಆಯ್ತು. ಡಾಕ್ಟ್ರು ಕಾಫಿ ಬೇಡ ಅಂದದ್ದು, ಚಾ ಬೇಡ ಅಂತ ಹೇಳ್ಲಿಲ್ಲ ಅಲ್ವಾ?”

ಈ ಪ್ರಕರಣ ತಿರುಗಿದ್ದು ಇಲ್ಲಿ. ಕಾಫಿ, ಚಾ ಎರಡರಲ್ಲೂ ಇರುವ ಕೆಫೀನ್ ಮೂತ್ರವನ್ನು ಸ್ವಲ್ಪ ಹೆಚ್ಚಿಸುತ್ತದೆ, ಚೀಲದ ಸ್ನಾಯುವನ್ನೂ ಕೆರಳಿಸುತ್ತದೆ. ಕಾಫಿ ಬಿಟ್ಟಾಗ ಅವಸರ ಇಳಿದಿತ್ತು, ಅದೇ ವಾರ ಗುಳಿಗೆಯೂ ಶುರುವಾಗಿತ್ತು. ಚಾ ಏರಿದಾಗ ಅವಸರ ಏರಿತ್ತು, ಗುಳಿಗೆ ಹಾಗೆಯೇ ನಡೆದಿತ್ತು. ಹೋಮಿಯೋಪತಿಯ ಪಥ್ಯ ಕೆಲಸ ಮಾಡಿತ್ತು. ಪಥ್ಯಕ್ಕೆ ಕೊಟ್ಟ ಕಾರಣ ಮಾತ್ರ ಬೇರೆಯಾಗಿತ್ತು.

ಗುಳಿಗೆ ನಿಲ್ಲಿಸಿ ಅನ್ನಲೇ?

ನಾನು ಹೆಚ್ಚು ಯೋಚಿಸಿದ್ದು ಈ ಪ್ರಶ್ನೆಯ ಬಗ್ಗೆ. ಹೋಮಿಯೋಪತಿ ಬಗ್ಗೆ ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಮದ್ದಿನ ಹೆಸರಿನ ಮುಂದಿನ 30 ಅಂದರೆ ಮೂಲ ಪದಾರ್ಥವನ್ನು ನೂರರಲ್ಲಿ ಒಂದು ಪಾಲಾಗಿ 30 ಸಲ ತೆಳು ಮಾಡಿದ್ದು. ಸಂಖ್ಯೆಯಲ್ಲಿ ಬರೆದರೆ 1ರ ಮುಂದೆ 60 ಸೊನ್ನೆ. ಇಂಥ 12 ಸುತ್ತು ದಾಟುವಷ್ಟರಲ್ಲಿ ಮೂಲ ಪದಾರ್ಥದ ಒಂದು ಅಣುವೂ ಉಳಿಯುವುದು ಅನುಮಾನ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿ ಇದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿತು. ಹೋಮಿಯೋಪತಿ ಯಾವುದೇ ಕಾಯಿಲೆಗೆ ಪರಿಣಾಮಕಾರಿ ಅನ್ನಲು ನಂಬುವಂಥ ಪುರಾವೆ ಇಲ್ಲ ಅಂತ 2015ರಲ್ಲಿ ಹೇಳಿತು. ನಾನೂ ಹಾಗೇ ತಿಳಿದಿದ್ದೇನೆ.

ಆದರೆ ಎದುರಿಗೆ ಕೂತವರು ಆ ಗುಳಿಗೆಯಿಂದಲೇ ಧರ್ಮಸ್ಥಳಕ್ಕೆ ಹೋಗಿ ಬಂದೆ ಅಂತ ನಂಬಿದವರು. ಮೊದಲ ದಿನವೇ ಬಾಟ್ಲಿ ಎಸೆಯಿರಿ ಅಂದರೆ ಅವರು ಎಸೆಯುವುದು ನನ್ನ ಮಾತನ್ನು. ಅದಕ್ಕೆ ಹೀಗೆ ಹೇಳಿದೆ: “ಗುಳಿಗೆಯಿಂದ ಗುಣ ಆಯಿತು ಅಂತ ನನಗೆ ಅನ್ನಿಸುವುದಿಲ್ಲ ಅಕ್ಕ, ಯಾಕೆ ಅಂತ ಪುಸ್ತಕ ತೋರಿಸುತ್ತಾ ಹೇಳಿದ್ದೇನೆ. ಆದರೆ ಈಗ ನಿಲ್ಲಿಸುವುದೂ ಬೇಡ, ಬದಲಿಸುವುದೂ ಬೇಡ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸುವ. ಏನಾಗುತ್ತದೆ ಅಂತ ನೀವೇ ಬರೆಯಿರಿ.” ಆ ವೈದ್ಯೆಗೂ ಫೋನು ಮಾಡಿ ತಿಳಿಸಿದೆ. ಅವರು ತಕರಾರಿಲ್ಲದೆ ಒಪ್ಪಿದರು.

ಒಂದು ಷರತ್ತು ಮಾತ್ರ ಗಟ್ಟಿಯಾಗಿ ಹೇಳಿದೆ. ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರ ಬಂದು ಸೊಂಟದ ಬದಿ ನೋವಾದರೆ, ಮೂತ್ರ ಕಟ್ಟಿದರೆ, ತೊಡೆಯ ಸಂದಿಯಲ್ಲಿ ಜೋಮು ಬಂದರೆ ಅಥವಾ ಕಾಲು ಬಲ ಕಳೆದುಕೊಂಡರೆ ಗುಳಿಗೆಯನ್ನೂ ನಂಬಬಾರದು, ನನ್ನ ವ್ಯಾಯಾಮವನ್ನೂ ನಂಬಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಿರುಪದ್ರವಿ ಮದ್ದಿನ ನಿಜವಾದ ಅಪಾಯ ಅದರ ಹೆಸರಿನಲ್ಲಿ ಕಾಯುವುದು.

ವ್ಯಾಯಾಮ ಶುರು ಮಾಡುವ ಮೊದಲು ಸ್ತ್ರೀರೋಗ ತಜ್ಞೆಯ ಬಳಿ ಕಳಿಸಿದೆ. ಗರ್ಭಕೋಶ ಜಾರಿಲ್ಲ. ಮೂತ್ರ ಹೋದ ಮೇಲೆ ಚೀಲದಲ್ಲಿ ಉಳಿಯುತ್ತದೋ ಅಂತ ಸ್ಕ್ಯಾನ್ ಮಾಡಿ ನೋಡಿದರು, ಅದೂ ಸರಿ ಇತ್ತು. ಒಳಭಾಗ ಒಣಗಿದೆ, ಹಾರ್ಮೋನಿನ ಕ್ರೀಮ್ ಹಚ್ಚಬಹುದು ಅಂದರು. ಅದನ್ನು ಕೈಯಲ್ಲಿ ಇಟ್ಟುಕೊಳ್ಳುವ, ಮೊದಲು ಅಭ್ಯಾಸ ಸರಿ ಮಾಡಿ ನೋಡುವ ಅಂದರು ಸುಮತಿಯಕ್ಕ.

ಹನ್ನೆರಡು ವಾರ

ಮೊದಲು ಚಾ. ಒಂದೇ ಸಲ ಬಿಟ್ಟು ಮತ್ತೆ ತಲೆ ಸಿಡಿಸಿಕೊಳ್ಳುವುದು ಬೇಡ ಅಂತ ಎರಡು ದಿನಕ್ಕೊಂದು ಲೋಟ ಕಡಿಮೆ ಮಾಡಿದೆವು. ಬೆಳಗಿನ ಒಂದು ಲೋಟ ಉಳಿಸಿದೆವು. ಆಫೀಸಿಗೆ ಫ್ಲಾಸ್ಕಿನಲ್ಲಿ ಕೊತ್ತಂಬರಿ ಜೀರಿಗೆಯ ಕಷಾಯ. ಆಮೇಲೆ ನೀರು ಹೆಚ್ಚಿಸಿದೆವು. ಇದಕ್ಕೆ ಅವರು ತುಂಬ ಹೆದರಿದರು. ಒಂದು ಲೀಟರಿನ ಬಾಟ್ಲಿಯನ್ನು ಬೆಳಿಗ್ಗೆಯಿಂದ ಸಂಜೆಯೊಳಗೆ ಗುಟುಕು ಗುಟುಕಾಗಿ ಮುಗಿಸಬೇಕು, ಒಮ್ಮೆಗೇ ಗಟಗಟ ಅಲ್ಲ. ಊಟದ ಮಜ್ಜಿಗೆ, ಸಾರು ಬೇರೆ.

ಪುನರ್ಪುಳಿ (ಕೋಕಂ) ಬಿಡಬೇಕಾ ಅಂತ ಕೇಳಿದರು. ಹುಳಿ ಕೆಲವರಿಗೆ ಆಗುವುದಿಲ್ಲ, ನಿಜ. ಎರಡು ದಿನ ಕುಡಿದು ಬರೆಯಿರಿ ಅಂದೆ. ಅವರಿಗೆ ಏನೂ ಆಗಲಿಲ್ಲ, ಹಾಗಾಗಿ ಪುನರ್ಪುಳಿ ಉಳಿಯಿತು. ಪಟ್ಟಿ ಕೊಟ್ಟು ಬೇಡ ಬೇಡ ಅನ್ನುವುದಕ್ಕಿಂತ ಇದು ಒಳ್ಳೆಯದು. ಬಿಡುವ ಪಟ್ಟಿ ಉದ್ದವಾದಷ್ಟೂ ಜನ ಬೇಗ ಕೈಬಿಡುತ್ತಾರೆ.

ಆಮೇಲೆ ಸಮಯ. ಆಗ ಎರಡು ಸಲದ ನಡುವಿನ ಅಂತರ ಕೆಲವೊಮ್ಮೆ 50 ನಿಮಿಷ ಮಾತ್ರ. ಮೊದಲ ವಾರ ಒಂದು ಗಂಟೆ, ಮತ್ತೆ ವಾರಕ್ಕೆ 15 ನಿಮಿಷ ಸೇರಿಸುತ್ತಾ ಹೋಗುವುದು. ಹೊತ್ತಾಗುವ ಮೊದಲೇ ಅವಸರ ಬಂದರೆ ಓಡಬಾರದು. ಓಡಿದರೆ ಹೊಟ್ಟೆ ಕುಲುಕುತ್ತದೆ, ಮನಸ್ಸೂ ಗಾಬರಿಯಾಗುತ್ತದೆ, ಸೋರುತ್ತದೆ. ನಿಲ್ಲಬೇಕು, ಸಾಧ್ಯವಾದರೆ ಕೂರಬೇಕು. ಮೂತ್ರದ್ವಾರ, ಗುದದ್ವಾರಗಳನ್ನು ಬಿಗಿಹಿಡಿಯುವ ಕೆಳಗಿನ ಸ್ನಾಯುವನ್ನು ಐದಾರು ಸಲ ಚಕಚಕನೆ ಎಳೆದು ಬಿಡಬೇಕು. ನೂರರಿಂದ ಏಳೇಳು ಕಳೆಯುತ್ತಾ ಬರಬೇಕು. ಅವಸರ ಅಲೆಯ ಹಾಗೆ ಏರಿ ಇಳಿಯುತ್ತದೆ. ಇಳಿದ ಮೇಲೆ ನಿಧಾನ ನಡೆದು ಹೋಗಬೇಕು.

ಆ ಸ್ನಾಯುವನ್ನು ಹಿಡಿಯುವುದೇ ಅವರಿಗೆ ಬರುತ್ತಿರಲಿಲ್ಲ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದರು. ಅಂದಿನಿಂದ ಹೆಸರೇನೋ ಎಲ್ಲರ ಬಾಯಲ್ಲಿ ಇದೆ. ಸುಮತಿಯಕ್ಕನೂ ಮೊಬೈಲಿನಲ್ಲಿ ನೋಡಿ ಒಂದು ವರ್ಷ ಮಾಡಿದ್ದರಂತೆ. ಮಾಡಿ ತೋರಿಸಿ ಅಂದರೆ ಉಸಿರು ಕಟ್ಟಿ, ಹೊಟ್ಟೆ ಉಬ್ಬಿಸಿ, ಕೆಳಕ್ಕೆ ಮುಕ್ಕಿದರು. ಒಂದು ವರ್ಷ ತದ್ವಿರುದ್ಧ ಮಾಡಿದ್ದರು! ನಾಲ್ಕು ಜನರ ನಡುವೆ ಗಾಳಿ ಹೋಗದಂತೆ ತಡೆಯುವಾಗ ಹೇಗೆ ಒಳಕ್ಕೆ, ಮೇಲಕ್ಕೆ ಎಳೆಯುತ್ತೇವೋ ಹಾಗೆ, ಉಸಿರಾಡುತ್ತಲೇ, ಅಂದೆ. ಆಗ ಸಿಕ್ಕಿತು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎಂಟು ಸಲ, ಕಡಿಮೆಯೆಂದರೆ ಮೂರು ತಿಂಗಳು. ಮೂತ್ರ ಹೋಗುತ್ತಿರುವಾಗಲೇ ತಡೆದು ಅಭ್ಯಾಸ ಮಾಡಬಾರದು ಅಂತಲೂ ಹೇಳಿದೆ. ತುಂಬ ಜನ ಹಾಗೆ ಮಾಡುತ್ತಾರೆ.

ಬೀಗದ ಕೈಗೆ ಬೇರೆಯೇ ಪಾಠ. ಮನೆ ತಲುಪಿದ ಮೇಲೆ ಬಾಗಿಲು ತೆಗೆಯಬಾರದು. ಚಿಟ್ಟೆಯ ಮೇಲೆ ಎರಡು ನಿಮಿಷ ಕೂರಬೇಕು, ಬೀಗದ ಕೈ ಮಡಿಲಲ್ಲಿ. ಅಲೆ ಇಳಿದ ಮೇಲೆ ಬಾಗಿಲು. ಒಳಗೆ ಹೋದರೆ ಮೊದಲು ದೀಪ, ಚಪ್ಪಲಿ, ಚೀಲ, ಆಮೇಲೆ ಬಚ್ಚಲು. ಮೊದಲ ವಾರ ಎರಡು ದಿನ ಸೋತರು. ಅತ್ತೆ “ಯಾಕೆ ಹೊರಗೆ ಕೂತಿದ್ದಿ?” ಅಂತ ದಿನಾ ಕೇಳುತ್ತಿದ್ದರಂತೆ. ಮೂರನೇ ವಾರಕ್ಕೆ ಅತ್ತೆಯೂ ಹೊರಗೆ ಬಂದು ಜೊತೆಗೆ ಕೂರಲು ಶುರು ಮಾಡಿದರು.

ಗಂಜಿ ಮತ್ತು ಕಾಲಿನ ಬಾವು

ಹಗಲು ಸುಧಾರಿಸಿತು. ರಾತ್ರಿ ಹಾಗೆಯೇ ಇತ್ತು. ಮತ್ತೆ ಪುಸ್ತಕ ತೆಗೆದೆ. ಮೊದಲ ದಿನದ ಒಟ್ಟು ಮೂತ್ರ 1,520 ಮಿಲಿಲೀಟರ್. ಅದರಲ್ಲಿ ರಾತ್ರಿಯ ಎರಡು ಸಲದ್ದು ಮತ್ತು ಬೆಳಗಿನದ್ದು ಸೇರಿ 680, ಅಂದರೆ ನೂರಕ್ಕೆ 45 ಪಾಲು. ಹೆಚ್ಚು ವಯಸ್ಸಾದವರಲ್ಲೇ ಇದು ಮೂರನೇ ಒಂದು ಪಾಲು ದಾಟಿದರೆ ಜಾಸ್ತಿ ಅನ್ನುತ್ತಾರೆ. ಅಂದರೆ ಇಲ್ಲಿ ತೊಂದರೆ ಚೀಲದ್ದಲ್ಲ, ರಾತ್ರಿಯೇ ನೀರು ಹೆಚ್ಚು ಇಳಿಯುತ್ತಿದೆ. ಆದರೆ ರಾತ್ರಿ ಏಳರ ಮೇಲೆ ಕುಡಿದದ್ದು ಏನೂ ಇಲ್ಲ ಅಂತ ಬರೆದಿದ್ದರು.

“ರಾತ್ರಿ ಊಟಕ್ಕೆ ಎಂತ ಅಕ್ಕ?”

“ಗಂಜಿ. ಉಪ್ಪಿನಕಾಯಿ, ಒಂದು ಚಟ್ನಿ.”

“ಗಂಜಿಯ ತಿಳಿ?”

“ತಿಳಿ ಕುಡಿದೇ ಕುಡಿತೇವೆ. ಅದು ಊಟ ಅಲ್ವಾ ಮೇಡಂ, ನೀರು ಹೇಗೆ ಆಗ್ತದೆ?”

ಮನೆಯಲ್ಲಿ ಅಳೆದು ನೋಡಿದರು. ರಾತ್ರಿ ಒಂಬತ್ತಕ್ಕೆ ಅರ್ಧ ಲೀಟರಿಗೂ ಹೆಚ್ಚು ತಿಳಿ. ಕುಚ್ಚಲಕ್ಕಿ ಗಂಜಿ ನಮ್ಮ ಜೀವ. ಅದನ್ನು ಬಿಡಿಸುವ ಮನಸ್ಸು ನನಗೂ ಇಲ್ಲ. ಗಂಜಿಯನ್ನು ಬೆಳಿಗ್ಗೆಗೆ ತಂದೆವು, ರಾತ್ರಿಗೆ ಅನ್ನ ಪಲ್ಯ, ಅದೂ ಎಂಟರ ಒಳಗೆ. ಬಸಳೆ, ಹರಿವೆ ಸೇರಿದ್ದರಿಂದ ಮಲಬದ್ಧತೆಗೂ ಒಳ್ಳೆಯದಾಯಿತು. ಎರಡು ವಾರದಲ್ಲಿ ರಾತ್ರಿ ಏಳುವುದು ಎರಡರಿಂದ ಒಂದಕ್ಕೆ ಇಳಿಯಿತು. ಈಗ ಯಾರೇ ಬಂದರೂ ನಾನು ಮೊದಲೇ ಕೇಳುವ ಪ್ರಶ್ನೆ ಇದು: ಗಂಜಿ ಯಾವ ಹೊತ್ತಿಗೆ?

ಉಳಿದ ಒಂದು ಸಲಕ್ಕೆ ಕಾರಣ ಅವರ ಪಾದದಲ್ಲಿ ಇತ್ತು. ಸಂಜೆ ಹೊತ್ತಿಗೆ ಚಪ್ಪಲಿಯ ಪಟ್ಟಿಯ ಗುರುತು ಚರ್ಮದ ಮೇಲೆ ಮೂಡುತ್ತಿತ್ತು. ಬಿಪಿಗೆ ತೆಗೆದುಕೊಳ್ಳುತ್ತಿದ್ದದ್ದು ಆ್ಯಮ್ಲೋಡಿಪಿನ್. ಅದು ಕೆಲವರಲ್ಲಿ ಪಾದ ಬಾತುಕೊಳ್ಳುವಂತೆ ಮಾಡುತ್ತದೆ. ಹಗಲು ಕಾಲಿನಲ್ಲಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ, ಮೂತ್ರವಾಗಿ ಇಳಿಯುತ್ತದೆ. ಬಿಪಿ ಮಾತ್ರೆಗೆ ಕೈ ಹಾಕುವುದು ನನ್ನ ಕೆಲಸವಲ್ಲ. ಕೊಟ್ಟ ವೈದ್ಯರಿಗೇ ಚೀಟಿ ಬರೆದೆ, ಅವರು ಹೃದಯ, ಕಿಡ್ನಿ ಪರೀಕ್ಷಿಸಿ ಆರನೇ ವಾರ ಮಾತ್ರೆ ಬದಲಿಸಿದರು. ಸಂಜೆ ಅರ್ಧ ಗಂಟೆ ಕಾಲು ಎತ್ತರಕ್ಕಿಟ್ಟು ಮಲಗುವುದನ್ನೂ ಸೇರಿಸಿದೆವು. ಆಮೇಲೆ ವಾರದಲ್ಲಿ ನಾಲ್ಕೈದು ರಾತ್ರಿ ಪೂರ್ತಿ ನಿದ್ದೆ.

ಮದುವೆಯ ದಿನ

ಎಂಟನೇ ವಾರ, ಮೇ ತಿಂಗಳು. ಅಂತರ ಎರಡು ಗಂಟೆ ದಾಟಿತ್ತು. ನಾಲ್ಕನೇ ವಾರದಿಂದಲೇ ಎಕ್ಸ್‌ಪ್ರೆಸ್ ಬಸ್ಸು ಹತ್ತುತ್ತಿದ್ದರು. ತಮ್ಮನ ಮಗಳ ಮದುವೆ ಬಂತು. ಮುಹೂರ್ತಕ್ಕೆ ಮೊದಲೇ ಎರಡು ಕಾಫಿ, ಬಂದವರ ಜೊತೆ ಇನ್ನೊಂದು. ಸೆಕೆಗೆ ಸೋಡಾ ಶರಬತ್ತು. ಮಧ್ಯಾಹ್ನದೊಳಗೆ ಆರು ಸಲ ಓಡಿದರು. ಮದುವೆ ಹಾಲ್‌ನ ಶೌಚಾಲಯದ ಮುಂದೆ ಸಾಲು ಇತ್ತು. ಕಾಯುವಾಗ ರೇಷ್ಮೆ ಸೀರೆ ಒದ್ದೆಯಾಯಿತು.

ಮರುದಿನ ಫೋನಿನಲ್ಲಿ ಅತ್ತರು. ಎರಡು ತಿಂಗಳು ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂದರು. ಬನ್ನಿ, ಪುಸ್ತಕ ಬರೆದು ತನ್ನಿ ಅಂದೆ. ಬಂದರು. ಕಾಫಿಯ ಸಾಲುಗಳಿಗೆ ತಾವೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಮಾತ್ರವಲ್ಲ, ಅದರ ಪಕ್ಕ ಬರೆದಿದ್ದರು: “ಗುಳಿಗೆ ಎಂದಿನಂತೆ ತೆಗೆದುಕೊಂಡಿದ್ದೆ.” ಆ ಸಾಲು ಬರೆಯಿರಿ ಅಂತ ನಾನು ಹೇಳಿರಲಿಲ್ಲ. ಮೂರೇ ದಿನದಲ್ಲಿ ಮೊದಲಿನ ಲಯಕ್ಕೆ ಮರಳಿದರು.

ಹನ್ನೆರಡನೇ ವಾರ, ಮಳೆ ಹಿಡಿದ ಮೇಲೆ, ಮತ್ತೆ ಮೂರು ದಿನದ ಪುಸ್ತಕ. ಹಗಲು 7ರಿಂದ 8 ಸಲ, ಸಲಕ್ಕೆ 200ರ ಸುಮಾರು. ರಾತ್ರಿ ಒಂದು ಅಥವಾ ಇಲ್ಲ. ವಾರಕ್ಕೆ ನಾಲ್ಕೈದು ಸಲ ಸೋರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆಗೆ ಬಂದಿತ್ತು. ಮಾತ್ರೆ ಬೇಕೇ ಅಂತ ಕೇಳಿದೆ. ಈಗ ಮಿರಾಬೆಗ್ರಾನ್ ಅಂತ ಬಾಯಿ ಅಷ್ಟಾಗಿ ಒಣಗಿಸದ ಮಾತ್ರೆ ಉಂಟು, ಬಿಪಿ ನೋಡಿಕೊಂಡು ಕೊಡುತ್ತಾರೆ. ಸದ್ಯ ಬೇಡ ಅಂದರು. ಬೇಕಾದವರು ಹಿಂಜರಿಯಬಾರದು ಅಂತಲೂ ಇಲ್ಲಿ ಸೇರಿಸುತ್ತೇನೆ. ಎಲ್ಲರಿಗೂ ಅಭ್ಯಾಸದಿಂದಲೇ ಸಾಕಾಗುವುದಿಲ್ಲ.

ಜುಲೈಯಲ್ಲಿ ಅವರೇ ಒಂದು ನಿರ್ಧಾರ ಮಾಡಿದರು. ಒಂದು ತಿಂಗಳು ಗುಳಿಗೆ ನಿಲ್ಲಿಸಿ ನೋಡುತ್ತೇನೆ, ಬೇರೆ ಏನೂ ಬದಲಿಸುವುದಿಲ್ಲ ಅಂದರು. ನಿಲ್ಲಿಸಿದರು. ಲೆಕ್ಕ ಹಾಗೆಯೇ ಉಳಿಯಿತು. ಒಬ್ಬರ ಅನುಭವ ಪುರಾವೆ ಆಗುವುದಿಲ್ಲ, ನನಗೆ ಗೊತ್ತು. ಈ ತೊಂದರೆ ತಾನಾಗಿ ಏರಿಳಿಯುವುದೂ ಉಂಟು, ಗಮನ ಕೊಟ್ಟು ಕೇಳುವವರು ಸಿಕ್ಕಿದರೆ ಅದರಿಂದಲೇ ಸ್ವಲ್ಪ ಇಳಿಯುವುದೂ ಉಂಟು. ಆದರೆ ಮೂರು ಬದಲಾವಣೆಯನ್ನು ಒಂದೇ ವಾರ ಮಾಡಿದ್ದರೆ ಅವರಿಗೂ ನನಗೂ ಏನೂ ತಿಳಿಯುತ್ತಿರಲಿಲ್ಲ. ಬೇರೆಯವರ ಪಥ್ಯ ಕೇಳದೆ, ಕುಡಿದದ್ದು ಬರೆಸದೆ ನಾನು ನೇರ ವ್ಯಾಯಾಮಕ್ಕೆ ಇಳಿದಿದ್ದರೆ ಚಾ ಕಣ್ಣಿಗೆ ಬೀಳುತ್ತಿರಲಿಲ್ಲ, ಗಂಜಿಯಂತೂ ಇಲ್ಲವೇ ಇಲ್ಲ.

ಆ ಹೋಮಿಯೋಪತಿ ವೈದ್ಯೆ ಈಗ ತಮ್ಮ ಬಳಿ ಇಂಥ ತೊಂದರೆ ಹೇಳಿಕೊಂಡು ಬಂದವರಿಗೆ ಮೂರು ದಿನದ ಪುಸ್ತಕ ಬರೆಸುತ್ತಾರೆ. ಪಥ್ಯದ ಚೀಟಿಯಲ್ಲಿ ಕಾಫಿಯ ಪಕ್ಕ ಚಾ ಅಂತಲೂ ಬರೆಯುತ್ತಾರೆ. ಗುಳಿಗೆಯ ಬಗ್ಗೆ ನಮ್ಮಿಬ್ಬರ ಅಭಿಪ್ರಾಯ ಇನ್ನೂ ಬೇರೆಯೇ.

ಸುಮತಿಯಕ್ಕನಿಗೆ ಜೋರು ಶೀತ ಆಗಿ ಸೀನಿದರೆ ಒಂದೆರಡು ಹನಿ ಈಗಲೂ ಬರುತ್ತದೆ. ಅದು ಅವಸರದ್ದಲ್ಲ, ಸ್ನಾಯುವಿನ ಬಲದ್ದು. ಅದಕ್ಕೆ ವ್ಯಾಯಾಮ ಮುಂದುವರಿದಿದೆ. ಸ್ತ್ರೀರೋಗ ತಜ್ಞೆ ಹೇಳಿದ್ದ ಕ್ರೀಮನ್ನೂ ಕಳೆದ ತಿಂಗಳಿನಿಂದ ಹಚ್ಚುತ್ತಿದ್ದಾರೆ. ಮುಂದಿನ ಪುಸ್ತಕ ನವೆಂಬರಿನಲ್ಲಿ.